ಘಾಟಿಲ್ಲ, ಇಳಿ

ಬ್ಯಾಡಗಿಯಲ್ಲಿ ಗಾಳಿಯನ್ನು ಮೂಗಿನಿಂದ ಅಳೆಯುತ್ತಾರೆ. ಕೆಮ್ಮು ಬಂದರೆ ಗಾಳಿ ಕೆಟ್ಟಿದೆ. ಬರದಿದ್ದರೆ ಚೆನ್ನಾಗಿದೆ. ಈ ಊರಿಗೆ ಗೊತ್ತಿರುವ ವಿಷ ಒಂದೇ, ಮೆಣಸಿನಕಾಯಿಯ ಘಾಟು. ಮಾರ್ಕೆಟ್ಟಿನ ಹಮಾಲ, ಗಿರಣಿಯವನು, ತೊಟ್ಟು ಬಿಡಿಸುವ ಹೆಂಗಸು, ಲಾರಿಯ ಡ್ರೈವರ್, ಎಲ್ಲರೂ ಅದನ್ನೇ ನಂಬಿ ಬದುಕಿದವರು.

ಊರ ಹೊರಗಿನ ಬಣ್ಣದೆಣ್ಣೆ ಕಾರ್ಖಾನೆಯಲ್ಲೂ ಅದೇ ಕಾನೂನು. ಅಲ್ಲಿ ಮೆಣಸಿನಕಾಯಿಯನ್ನು ಅರೆದು, ರಾಸಾಯನಿಕದಲ್ಲಿ ನೆನೆಸಿ, ಅದರ ಕೆಂಪನ್ನು ಹಿಂಡಿ ತೆಗೆಯುತ್ತಾರೆ. ಆ ಕೆಂಪು ಬಣ್ಣ ಡಬ್ಬಿ ಸೇರಿ ಹೊರದೇಶಕ್ಕೆ ಹೋಗುತ್ತದೆ. ಉಳಿದ ರಾಡಿ ಹಿತ್ತಲಿನಲ್ಲಿ ನೆಲದೊಳಗೆ ಕಟ್ಟಿದ ಟಾಕಿಗೆ ಹೋಗುತ್ತದೆ. ಟಾಕಿ ತುಂಬಿದಾಗ ಪಕ್ಕದ ಹಳ್ಳಿ ಅಗಡಿಯ ಕೇರಿಯಿಂದ ಒಬ್ಬ ಬಂದು ಅದರೊಳಗೆ ಇಳಿಯುತ್ತಾನೆ. ಬೇರೆ ಓಣಿಯವರು ಇಳಿಯಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ.

ಇಳಿಸುವುದಕ್ಕೂ ಒಂದು ರೂಢಿ. ಮೊದಲು ಸೂಪರ್‌ವೈಜರ್ ಯುವರಾಜ ಕುಡಿಯಲು ಒಂದು ಸೆರೆ ಪಾಕೀಟು ಕೊಡುತ್ತಿದ್ದ. ಅದು ಕಾರ್ಖಾನೆಯ ಖರ್ಚು. ಹೊಟ್ಟೆಯಲ್ಲಿ ಅಷ್ಟು ಬೀಳದೆ ಆ ನಾತಕ್ಕೆ ಯಾರೂ ಇಳಿಯುವುದಿಲ್ಲ. ಆಮೇಲೆ ಯುವರಾಜ ಟಾಕಿಯ ಬಾಯಿಗೆ ಬಗ್ಗಿ, ಮೂಗಿನ ಮೇಲಿನ ಕರವಸ್ತ್ರವನ್ನು ತುಸು ಸರಿಸಿ, ಒಂದು ಸಲ ಮೂಸುತ್ತಿದ್ದ.

"ಘಾಟಿಲ್ಲ. ಇಳಿ."

ಅಂದು ಕೇರಿಯ ಫಕ್ಕೀರಪ್ಪನೂ ಹಾಗೇ ಇಳಿದ. ಕಾಲಿಗೆ ಬೂಟಿಲ್ಲ. ಸೊಂಟಕ್ಕೆ ಹಗ್ಗವಿಲ್ಲ. ನಿಚ್ಚಣಿಕೆ ಬಿಟ್ಟು ರಾಡಿಗೆ ಕಾಲಿಟ್ಟ. ಮೊಣಕಾಲು ಮುಳುಗಿತು. "ಬುಟ್ಟಿ ಬಿಡ್ರಿ" ಎಂದ. ಬುಟ್ಟಿ ಕೆಳಗೆ ಮುಟ್ಟುವುದರೊಳಗೆ ಅವನು ಕೂತ. ರಾಡಿಯಲ್ಲೇ ಕೂತ. ಮೇಲಿನಿಂದ ಯುವರಾಜ ಬೈದ. "ಏಯ್, ಕುಂತೇನಲೇ? ಏಳು. ಇಳಿಯೂದರಾಗ ದಣದೇನು?" ಫಕ್ಕೀರಪ್ಪ ಮುಖ ಅಡಿಯಾಗಿ ಮಲಗಿದ. ಆಗಲೂ ಯುವರಾಜ ಬೈಯುತ್ತಲೇ ಇದ್ದ.

ಬಾಯ್ಲರ್ ನೋಡಿಕೊಳ್ಳುವ ಮುಸ್ತಾಕ್ ಕೂಗು ಕೇಳಿ ಓಡಿ ಬಂದ. ತನ್ನ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉಸಿರು ಹಿಡಿದು ಇಳಿದ. ಇನ್ನೊಂದು ಹಗ್ಗವನ್ನು ಫಕ್ಕೀರಪ್ಪನ ಕಂಕುಳಿಗೆ ಹಾಕಿ ಮೇಲೆ ಬಂದು ಬಿದ್ದ. ಬಾವಿಯಿಂದ ಕೊಡ ಸೇದುವ ಹಾಗೆ ನಾಲ್ಕು ಮಂದಿ ಫಕ್ಕೀರಪ್ಪನನ್ನು ಸೇದಿದರು. ಅಂಗಳಕ್ಕೆ ಹಾಕಿ ಪೈಪು ಹಿಡಿದು ತೊಳೆದರು. ಮೈಯ ರಾಡಿ ಹೋಯಿತು. ಉಸಿರು ಬರಲಿಲ್ಲ.

ಅದೇ ಹೊತ್ತಿಗೆ ಕಾವ್ಯಾ ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಹೆಲ್ಮೆಟ್ ಆರಿಸುತ್ತಿದ್ದಳು. ಮಾಲು ಕೊಳ್ಳುವ ವಿದೇಶದ ಮಂದಿ ಕಾರ್ಖಾನೆ ನೋಡಲು ಬರುವವರಿದ್ದರು. ಅವರ ತಲೆಗೆ ಹೊಸ ಹೆಲ್ಮೆಟ್ ಬೇಕಿತ್ತು. ಅವರ ಮೂಗಿಗೆ ನಾತ ಬಡಿಯಬಾರದೆಂದೇ ಟಾಕಿ ಖಾಲಿ ಮಾಡಿಸಲು ಹೊರಟಿದ್ದರು.

ಕಾವ್ಯಾ ಕಾರ್ಖಾನೆಯ ಸೇಫ್ಟಿ ಆಫೀಸರ್, ತಲೆಗೆ ಬಿಳಿ ಹೆಲ್ಮೆಟ್. ಅಗಡಿಯ ಅದೇ ಕೇರಿಯ ಹುಡುಗಿ. ಫಕ್ಕೀರಪ್ಪ ಅವಳಿಗೆ ಕಾಕಾ ಆಗಬೇಕು. ಅವಳ ಅವ್ವ ಚೌಡವ್ವ ಅದೇ ಕಾರ್ಖಾನೆಯ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುವವಳು. ಆ ತೊಟ್ಟಿನ ದುಡಿಮೆಯಲ್ಲೇ ಮಗಳು ಹುಬ್ಬಳ್ಳಿಯಲ್ಲಿ ಓದಿದಳು. ಪರೀಕ್ಷೆ ಪಾಸು ಮಾಡಿದಳು. ಸರ್ಟಿಫಿಕೇಟು ಕೊಡುವ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಹೇಳಿಸಿದ್ದರು. ಉಳಿದವರು ಕಾಗದ ನೋಡಿ ಓದಿದರು. ಕಾವ್ಯಾಳಿಗೆ ಒಂದೇ ಸಲಕ್ಕೆ ಬಾಯಿಗೆ ಬಂತು. ಚಿಕ್ಕಂದಿನಿಂದ ಅವ್ವನ ಮಗ್ಗುಲಲ್ಲಿ ಮಲಗಿ ಭಜನೆಯ ಪದ ಕೇಳಿ ಬೆಳೆದ ಕಿವಿ ಅದು. ಕೇಳಿದ್ದು ಒಳಗಿಳಿದರೆ ಹೊರಗೆ ಹೋಗುತ್ತಿರಲಿಲ್ಲ.

ಕೆಲಸಗಾರನ ಜೀವ ಮೊದಲು. ನನಗೆ ಪಗಾರ ಕೊಡುವವನ ಲಾಭ ಆಮೇಲೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಕಾಣದ್ದನ್ನು ಕಂಡೆನೆಂದು ಹೇಳಲಾರೆ.

ಕಾರ್ಖಾನೆಗೆ ಬೇಕಾಗಿದ್ದುದು ಈ ಮಾತಲ್ಲ. ಗೋಡೆಗೆ ಹಾಕಲು ಚೌಕಟ್ಟಿನೊಳಗಿನ ಸರ್ಟಿಫಿಕೇಟು ಬೇಕಾಗಿತ್ತು. ಗಾಳಿ ಅಳೆಯುವ ಮೀಟರೂ ಹಾಗೆಯೇ. ಅಂಗೈಯಷ್ಟು ಹಳದಿ ಯಂತ್ರ. ಕಾರ್ಖಾನೆಯ ಮಾಲೀಕರಾದ ಸಾವಕಾರರ ಕೋಣೆಯ ಗಾಜಿನ ಕಪಾಟಿನಲ್ಲಿ, ಬೆಳ್ಳಿಯ ಗಣಪತಿಯ ಪಕ್ಕದಲ್ಲಿ ಕೀಲಿ ಹಾಕಿಸಿಕೊಂಡು ಕೂತಿತ್ತು. ಅದನ್ನು ನನ್ನ ಕೈಗೆ ಕೊಡಿ ಎಂದು ಕಾವ್ಯಾ ಕೇಳಿದಾಗಲೆಲ್ಲ ಸಾವಕಾರರು ನಗುತ್ತಿದ್ದರು. "ತುಟ್ಟಿ ಸಾಮಾನವ್ವಾ. ರಾಡ್ಯಾಗ ಬಿದ್ರ?"

ಮನುಷ್ಯ ಬಿದ್ದರೆ ತುಟ್ಟಿಯಲ್ಲ.

ಫಕ್ಕೀರಪ್ಪನನ್ನು ಮಣ್ಣಿಗಿಟ್ಟು ವಾರ ಕಳೆದಿರಲಿಲ್ಲ. ಸಾವಕಾರರು ಕಾವ್ಯಾಳನ್ನು ಕೋಣೆಗೆ ಕರೆಸಿದರು. ಯುವರಾಜ ಆಗಲೇ ಕೂತಿದ್ದ. ಚಹಾ ಬಂತು. ಅವರಿಬ್ಬರಿಗೆ ಪಿಂಗಾಣಿ ಕಪ್ಪು. ಕಾವ್ಯಾಳಿಗೆ ಕಾಗದದ ಕಪ್ಪು. ಸೇರಿದ ದಿನದಿಂದ ಹಾಗೆಯೇ. ತೊಳೆಯುವ ತ್ರಾಸಿಲ್ಲ ಅಂತ, ಎಂದು ಚಹಾದವನು ಒಮ್ಮೆ ಹೇಳಿದ್ದ. ತ್ರಾಸು ಅವಳ ಕಪ್ಪಿಗೆ ಮಾತ್ರ ಇತ್ತು.

"ಕುಂದ್ರವ್ವಾ" ಎಂದರು ಸಾವಕಾರರು. "ನಾಳೆ ತಪಾಸಣೆ ಸಾಹೇಬ್ರು ಬರತಾರ. ನೀ ಒಂದೀಟು ಸರಿಯಾಗಿ ಮಾತಾಡಬೇಕು."

"ಏನ್ ಹೇಳಬೇಕ್ರಿ?"

"ಇದ್ದದ್ದ ಹೇಳು. ಅವತ್ತ ನೀ ಮೀಟರ್ ಹಚ್ಚಿ ನೋಡಿದಿ. ಗಾಳಿ ಚಲೋ ಇತ್ತು. ಆದ್ರೂ ಹಗ್ಗ ಕಟಗೊಳ್ಳದ ಇಳೀಬ್ಯಾಡ ಅಂದಿ. ಅಂವ ಕುಡದಿದ್ದ. ನಿನ್ನ ಮಾತು ಕೇಳಲಿಲ್ಲ. ಇಳದ."

"ಅವತ್ತ ನಾ ರಾಣೆಬೆನ್ನೂರಾಗ ಇದ್ದೆ ರಿ. ಹೆಲ್ಮೆಟ್ ತರಾಕ ನೀವ ಕಳಿಸಿದ್ರಿ."

"ಇಲ್ಲ. ಇಲ್ಲೇ ಇದ್ದಿ."

ಯುವರಾಜ ಚಹಾ ಹೀರಿದ. "ಕಾವ್ಯಾ, ಪೋಸ್ಟ್‌ಮಾರ್ಟಮ್‌ನ್ಯಾಗ ಸೆರಿ ಸಿಕ್ಕೈತಿ. ಸುಳ್ಳಲ್ಲ ಅದು."

"ಆ ಪಾಕೀಟು ಕೊಟ್ಟಾಂವ ನೀನಲ್ಲೇನು?"

ಯುವರಾಜನ ಕಪ್ಪು ಬಾಯಿಯ ಹತ್ತಿರವೇ ನಿಂತಿತು. ಸಾವಕಾರರು ಮಾತ್ರ ದನಿ ಏರಿಸಲಿಲ್ಲ. ಅವರು ಎಂದೂ ದನಿ ಏರಿಸುವವರಲ್ಲ.

"ನೋಡವ್ವಾ. ನಿನ್ನಂಥಾಕಿಗೆ ಈ ಕುರ್ಚಿ ಯಾರ ಕೊಡತಿದ್ರು? ನಿಮ್ಮವ್ವ ನನ್ನ ಅಂಗಳದಾಗ ಕುಂತು ಉಣ್ಣಾಕತ್ತಾಳ. ಫಕ್ಕೀರಪ್ಪನ ಹೆಂಡ್ತಿ ಹೊನ್ನವ್ವಗ ಗಂಡನ ಕೆಲಸಾನ ಕೊಟ್ಟೇನಿ. ನಾಳೆ ಸಾಹೇಬ್ರ ಮುಂದ ಅಕಿನ್ನ ಟಾಕ್ಯಾಗ ಇಳಿಸಿ ತೋರಸೋಣು. ಬೂಟು, ಪಟ್ಟಾ, ಹೆಲ್ಮೆಟ್, ಎಲ್ಲಾ ಹಾಕಿ. ನೀ ಮೀಟರ್ ನೋಡಿ 'ಇಳಿ' ಅಂದ್ರ ಆತು. ನಮ್ಮಲ್ಲಿ ಹಿಂಗ ಮಾಡತೇವಿ ಅಂತ ಸಾಹೇಬ್ರಿಗೂ ಗೊತ್ತಾಕ್ಕೈತಿ."

ಕಾವ್ಯಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಗಂಡ ಸತ್ತ ಗುಂಡಿಗೆ ಹೆಂಡತಿಯನ್ನು ಇಳಿಸಬೇಕು. ಇಳಿಸುವ ಬಾಯಿ ಕೇರಿಯದೇ ಆಗಿರಬೇಕು.

"ಸರ್ಟಿಫಿಕೇಟ್ ಇದ್ದಾಕಿ ನೀ" ಎಂದರು ಸಾವಕಾರರು. "ನಿನ್ನ ಮಾತಿಗೇ ಕಿಮ್ಮತ್ತು."

ಅವಳು ಎದ್ದಳು. ಕಾಗದದ ಕಪ್ಪು ಮೇಜಿನ ಮೇಲೆ ತುಂಬಿದ ಹಾಗೇ ಉಳಿಯಿತು.

ಸಂಜೆ ಅಗಡಿಗೆ ಹೋದವಳು ಮನೆಗೆ ಹೋಗಲಿಲ್ಲ. ನೇರ ಹೊನ್ನವ್ವನ ಬಾಗಿಲಿಗೆ ಹೋದಳು. ಹೊನ್ನವ್ವ ಹೊಸ್ತಿಲ ಮೇಲೆ ಕೂತು ಹೊಸ ಗಂಬೂಟಿನೊಳಗೆ ಕೈ ಹಾಕಿ ನೋಡುತ್ತಿದ್ದಳು. ಗಂಡಸಿನ ಅಳತೆಯ ಬೂಟು. ತಲೆ ಎತ್ತಿದಳು.

"ಬರ್ರಿ ಆಫೀಸರಮ್ಮಾರ. ಬಿಳೇ ಟೊಪಿಗಿ ಎಲ್ಲಿ ಬಿಟ್ಟ ಬಂದ್ರಿ?"

"ಕಾಕಿ, ಹಂಗ ಅನಬ್ಯಾಡ."

"ಮತ್ತೇನ್ ಅನ್ಲಿ? ನಿಮ್ಮ ಕಾಕಾ ಏನಂತಿದ್ದ ಗೊತ್ತೈತೇನು? ನಮ್ಮ ಹುಡುಗಿ ಆಫೀಸರ್ ಆಗ್ಯಾಳ, ಇನ್ನ ಟಾಕಿ ಹೆದರಿಕಿಲ್ಲ ಅಂತಿದ್ದ. ಮೊದಲ ಇಳಿಯೂ ಮುಂದ ದೇವರಿಗೆ ಕೈ ಮುಗೀತಿದ್ದ. ನೀ ಬಂದ ಮ್ಯಾಲ ಅದನ್ನೂ ಬಿಟ್ಟ."

ಕಾವ್ಯಾಳನ್ನು ಮಾತಿನಲ್ಲಿ ಯಾರೂ ಹೀಗೆ ಹೊಡೆದಿರಲಿಲ್ಲ.

"ಕುಡದಿದ್ದ ಅಂತ ಹೇಳು ಅಂತಾರ ಕಾಕಿ."

"ಕುಡೀತಿದ್ದ!" ಹೊನ್ನವ್ವ ಬೂಟನ್ನು ನೆಲಕ್ಕೆ ಬಡಿದಳು. "ಮುಚ್ಚಿಡೂದೇನೈತಿ? ದಿನಾ ಕುಡೀತಿದ್ದ. ಆ ರಾಡ್ಯಾಗ ಕುಡೀದ ಯಾಂವ ಇಳೀತಾನ? ಅವರ ಅಪ್ಪ ಇಳೀತಾನೇನು? ಕುಡದಾಂವಗ ಉಸರ ಬ್ಯಾಡೇನು?"

"ನಾಳೆ ನೀ ಇಳೀಬ್ಯಾಡ."

"ಇಳೀದ ಏನ್ ಮಾಡ್ಲಿ? ನೀ ಉಣ್ಣಾಕ ಹಾಕತೀಯೇನು? ಹುಡುಗರು ಎರಡದಾವು. ಹೋಗು. ನಾಳೆ ಟೊಪಿಗಿ ಹಾಕ್ಕೊಂಡು ಬಂದು 'ಇಳಿ' ಅನ್ನು. ಇಳೀತೇನಿ. ನಮ್ಮ ಹುಡುಗಿ ಬಾಯಿಂದ ಕೇಳಿ ಇಳೀತೇನಿ."

ಮನೆಯಲ್ಲಿ ಚೌಡವ್ವ ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಗೋಡೆಗೆ ಒರಗಿದ್ದಳು. ದಿನವಿಡೀ ತೊಟ್ಟು ಮುರಿದ ಬೆರಳುಗಳು ಸಂಜೆಗೆ ಬೆಂಕಿ. ಆ ಕೈಯಲ್ಲಿ ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ. ಮೈಯ ಮೇಲೆ ಎಲ್ಲಿಯೂ ಇಡುವ ಹಾಗಿಲ್ಲ. ಕಾವ್ಯಾ ಹಸುಗೂಸಾಗಿದ್ದಾಗ ಚೌಡವ್ವ ಅವಳನ್ನು ಮೊಣಕೈಯಿಂದ ಎತ್ತಿಕೊಳ್ಳುತ್ತಿದ್ದಳಂತೆ. ಅಂಗೈ ತಾಗಿದರೆ ಕೂಸು ಚೀರುತ್ತಿತ್ತಂತೆ.

ಮಗಳು ಎಲ್ಲ ಹೇಳಿದಳು. ಅವ್ವ ಕೇಳಿದಳು. ಅಂಗೈಗೆ ಇನ್ನಷ್ಟು ಎಣ್ಣೆ ಸವರಿಕೊಂಡಳು.

"ಹೇಳಿಬಿಡು ಯವ್ವಾ. ಸತ್ತಾಂವ ಸತ್ತ. ಇದ್ದವರು ಇರಬೇಕು."

"ನಾಳೆ ಕಾಕಿ ಸತ್ರ?"

"ದೊಡ್ಡ ಫ್ಯಾನು ಹಚ್ಚತಾರಂತ. ಏನ್ ಆಗೂದಿಲ್ಲ." ಚೌಡವ್ವ ಮುಖ ತಿರುಗಿಸಿದಳು. "ನನ್ನ ಕೈ ನೋಡು. ಈ ಕೈಲೆ ನಿನ್ನ ಓದಿಸೇನಿ. ಸಾವಕಾರನ ಕೂಡ ಜಗಳ ತಗೀಲಿ ಅಂತ ಓದಿಸಿಲ್ಲ."

ದೀಪ ಹಚ್ಚಿದ ಮೇಲೆ ಅವಳು ಎಂದಿನಂತೆ ಪದ ಹೇಳಲು ಕೂತಳು. ಒಂದು ನುಡಿ ಮುಗಿಯಿತು. ಎರಡನೆಯದರ ನಡುವೆ ದನಿ ನಿಂತಿತು. ಕಾವ್ಯಾ ಕಿವಿಗೊಟ್ಟು ಕಾದಳು. ಅವ್ವ ಪದವನ್ನು ಅರ್ಧಕ್ಕೆ ಬಿಟ್ಟದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ಕಾರ್ಖಾನೆಯ ಹಿತ್ತಲಲ್ಲಿ ಟಾಕಿಯ ಕಬ್ಬಿಣದ ಮುಚ್ಚಳ ಸರಿಸಿಟ್ಟಿದ್ದರು. ಗಾಳಿ ಊದುವ ದೊಡ್ಡ ಬ್ಲೋವರ್ ಕತ್ತಲಿದ್ದಾಗಿನಿಂದ ಒದರುತ್ತಿತ್ತು. ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಮದುವೆಗೆ ಹಂದರ ಹಾಕಿದ ಹಾಗೆ ಶಾಮಿಯಾನ ಹಾಕಿ ತಪಾಸಣೆಗೆ ಬಂದ ಅಧಿಕಾರಿಗೆ ಕುರ್ಚಿ ಇಟ್ಟಿದ್ದರು. ಅಧಿಕಾರಿ ಕೂರಲಿಲ್ಲ. ಕೈಕಟ್ಟಿ ನಿಂತರು. ಅಂಗಳದಲ್ಲಿ ತೊಟ್ಟು ಬಿಡಿಸುವ ಹೆಂಗಸರಿಗೆ ತಲೆ ಎತ್ತಬೇಡಿ ಎಂದು ಹೇಳಿತ್ತು. ಅವರು ತಲೆ ತಗ್ಗಿಸಿಯೇ ನೋಡುತ್ತಿದ್ದರು. ಚೌಡವ್ವನೂ ಅವರಲ್ಲಿದ್ದಳು. ಬಾಯ್ಲರ್ ಮನೆಯ ಬಾಗಿಲಲ್ಲಿ ಮುಸ್ತಾಕ್ ಕೆಮ್ಮುತ್ತ ನಿಂತಿದ್ದ. ಟಾಕಿಗೆ ಇಳಿದು ಬಂದ ದಿನದಿಂದ ಆ ಕೆಮ್ಮು ಬಿಟ್ಟಿರಲಿಲ್ಲ.

ಹೊನ್ನವ್ವನನ್ನು ಸಿಂಗಾರ ಮಾಡಿ ನಿಲ್ಲಿಸಿದ್ದರು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಅಂಗಿ. ಕಾಲಲ್ಲಿ ಲೊಡಲೊಡ ಬೂಟು. ಸೊಂಟಕ್ಕೆ ಪಟ್ಟಾ, ಪಟ್ಟಾಕ್ಕೆ ಹಗ್ಗ. ತಲೆಗೆ ಕಾವ್ಯಾ ರಾಣೆಬೆನ್ನೂರಿನಿಂದ ತಂದ ಹೆಲ್ಮೆಟ್. ಹರಕೆಯ ಕುರಿಯ ಕೊರಳಿಗೂ ಹೀಗೆಯೇ ಹೂವು ಹಾಕುತ್ತಾರೆ.

ಸಾವಕಾರರು ಗಾಜಿನ ಕಪಾಟಿನ ಮೀಟರನ್ನು ಸ್ವತಃ ತಂದು ಕಾವ್ಯಾಳ ಕೈಗೆ ಕೊಟ್ಟರು. "ನೋಡ್ರಿ ಸಾಹೇಬ್ರ, ಇಕಿ ನಮ್ಮ ಸೇಫ್ಟಿ ಆಫೀಸರ್. ಇಕಿ ಹೂಂ ಅನ್ನದ ನಮ್ಮಲ್ಲಿ ಹುಳಾನೂ ಟಾಕ್ಯಾಗ ಇಳಿಯೂದಿಲ್ಲ."

ಮೀಟರಿಗೆ ಯುವರಾಜ ದಾರ ಕಟ್ಟಿಟ್ಟಿದ್ದ. ಕಾವ್ಯಾ ದಾರ ಇಳಿಬಿಟ್ಟಳು. ಸ್ವಲ್ಪ ಇಳಿಯಿತು. ನಿಂತಿತು. ದಾರ ಮುಗಿದಿತ್ತು. ಕೆಟ್ಟ ಗಾಳಿ ಸಿಕ್ಕರೆ ಕೂಗಬೇಕಾದ ಯಂತ್ರ ಸುಮ್ಮನಿತ್ತು.

"ಆತಲ್ಲ" ಎಂದ ಯುವರಾಜ. "ಗಾಳಿ ಚಲೋ ಐತಿ."

ಕಾವ್ಯಾ ಬಗ್ಗಿ ನೋಡಿದಳು. ಮೀಟರ್ ಟಾಕಿಯ ಅರ್ಧದಲ್ಲಿ ತೂಗುತ್ತಿತ್ತು. ಬ್ಲೋವರಿನ ಗಾಳಿ ಬೀಳುವುದೂ ಅಲ್ಲಿಯವರೆಗೇ. ಫಕ್ಕೀರಪ್ಪ ಸತ್ತದ್ದು ಅರ್ಧದಲ್ಲಲ್ಲ. ತಳದಲ್ಲಿ. ರಾಸಾಯನಿಕದ ಆವಿ ಭಾರ. ಅದು ಕೆಳಗೇ ಮಲಗಿರುತ್ತದೆ. ಉಸಿರನ್ನು ತಿಂದು ಮಲಗಿರುತ್ತದೆ. ಅದಕ್ಕೆ ಮೆಣಸಿನಕಾಯಿಯ ಘಾಟು ಇರುವುದಿಲ್ಲ.

"ದಾರ ಸಾಲಂಗಿಲ್ಲ" ಎಂದಳು.

"ಇದ್ದಷ್ಟ ಸಾಕು."

ಅವಳು ಹೆಗಲ ಮೇಲಿನ ಓಡಣಿಯನ್ನು ಎಳೆದಳು. ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಸೀಳಿದಳು. ದಾರದ ತುದಿಗೆ ಗಂಟು ಹಾಕಿದಳು. ಗಂಟಿಗೆ ಇನ್ನೊಂದು ಸೀಳು ಸೇರಿಸಿ ಕಟ್ಟಿದಳು.

"ಏ, ಏನ್ ಮಾಡಾಕತ್ತೀ?" ಸಾವಕಾರರ ದನಿ ಮೊದಲ ಸಲ ಏರಿತು.

ಅವಳು ಕೈ ಬಿಟ್ಟಳು. ಮೀಟರ್ ಇಳಿಯಿತು. ಅರ್ಧ ದಾಟಿತು. ತಳ ಮುಟ್ಟುವುದರೊಳಗೆ ಚೀರಿತು. ಕೂಸು ಚೀರಿದ ಹಾಗೆ, ಬಿಡದೆ, ಒಂದೇ ಸಮ ಚೀರಿತು. ಬ್ಲೋವರಿನ ಸದ್ದನ್ನು ಸೀಳಿ ಅಂಗಳದವರೆಗೂ ಕೇಳಿತು. ತೊಟ್ಟು ಮುರಿಯುವ ಕೈಗಳು ನಿಂತವು.

"ಯಂತ್ರ ಕೆಟ್ಟೈತಿ" ಎಂದರು ಸಾವಕಾರರು. "ಇಷ್ಟ ದಿವಸ ಕಪಾಟಿನ್ಯಾಗ ಇತ್ತಲ್ಲ, ಕೆಟ್ಟೈತಿ. ಯುವರಾಜಾ, ನೀ ನೋಡು."

ಯುವರಾಜ ಬಗ್ಗಿದ. ಕರವಸ್ತ್ರ ಸರಿಸಿದ. ಮೂಸಿದ. ಎಂದಿನ ರೂಢಿ. "ಘಾಟಿಲ್ರಿ" ಎಂದ. ಅಂದು ಬಿಟ್ಟು ನಾಲಿಗೆ ಕಚ್ಚಿಕೊಂಡ. ಅಧಿಕಾರಿ ಅವನ ಕಡೆ ತಿರುಗಿದ್ದರು.

"ನೀವು ಗಾಳಿ ನೋಡೂದು ಹಿಂಗಾ?" ಎಂದು ಅವರು ಕೇಳಿದರು.

ಯುವರಾಜ ಕರವಸ್ತ್ರವನ್ನು ಮತ್ತೆ ಮೂಗಿಗೆ ಎಳೆದುಕೊಂಡ. ಕಾವ್ಯಾ ಹೇಳಿದಳು.

"ಹಿಂಗ ರಿ. ಅವತ್ತೂ ಹಿಂಗ. ನಾ ಅವತ್ತ ಇಲ್ಲಿ ಇದ್ದಿಲ್ಲ. ರಾಣೆಬೆನ್ನೂರಾಗ ಹೆಲ್ಮೆಟ್ ಖರೀದಿ ಮಾಡಾಕತ್ತಿದ್ದೆ. ಮೀಟರ್ ಕಪಾಟಿನ್ಯಾಗ ಇತ್ತು. ಕೀಲಿ ಸಾವಕಾರ್ರ ಕಡೆ ಇತ್ತು. ಫಕ್ಕೀರಪ್ಪ ಕುಡದಿದ್ದ, ಖರೇ. ಆ ಪಾಕೀಟು ಕಾರ್ಖಾನಿದು. ಕೊಟ್ಟ ಕೈ ಇದು." ಅವಳು ಯುವರಾಜನ ಕೈ ತೋರಿಸಿದಳು. "ನಾ ಈ ಟಾಕಿಗೆ ಯಾರಿಗೂ 'ಇಳಿ' ಅನ್ನೂದಿಲ್ಲ. ಇವತ್ತೂ ಅನ್ನೂದಿಲ್ಲ. ನಾಳೇನೂ ಅನ್ನೂದಿಲ್ಲ."

"ಅಕಿ ಕೇರಿ ಹುಡುಗಿ ರಿ ಸಾಹೇಬ್ರ" ಎಂದರು ಸಾವಕಾರರು. "ಅವರ ಮಂದಿ ಪರವಾಗಿ ಮಾತಾಡತಾಳ. ಟಾಕ್ಯಾಗ ಏನೂ ಇಲ್ರಿ. ಘಾಟ ಇಲ್ಲ. ಹೊನ್ನವ್ವಾ, ನೀ ಇಳಿ. ಯಾರ ಮಾತೂ ಕೇಳಬ್ಯಾಡ."

ಹೊನ್ನವ್ವ ಹೆಜ್ಜೆ ಇಟ್ಟಳು. ಬೂಟು ಲೊಡಲೊಡ ಅಂದಿತು. ಟಾಕಿಯ ಬಾಯಿಯ ಹತ್ತಿರ ಬಂದು ನಿಂತಳು. ಕೆಳಗೆ ಮೀಟರ್ ಇನ್ನೂ ಚೀರುತ್ತಿತ್ತು. ಅವಳು ಅದನ್ನು ಕೇಳಿದಳು. ಸಾಯುವಾಗ ತನ್ನ ಗಂಡ ಚೀರಿರಲಿಲ್ಲ. ಅವನ ಬದಲು ಈಗ ಅದು ಚೀರುತ್ತಿತ್ತು.

ಅವಳು ಸೊಂಟದ ಪಟ್ಟಾ ಬಿಚ್ಚಿದಳು. ಸಾವಕಾರರ ಮುಂದೆ ಹಿಡಿದಳು.

"ತಗೋರಿ. ಕಟಗೋರಿ."

"ಏನ್ ಬೇ?"

"ಘಾಟಿಲ್ಲಂತಲ್ರಿ. ನೀವ ಇಳೀರಿ. ಬಾಳ ಬ್ಯಾಡ. ಮುಟ್ಟಿ ಮ್ಯಾಲ ಬರ್ರಿ. ನೀವು ಬಂದ ಮ್ಯಾಲ ನಾ ಇಳೀತೇನಿ. ದಿನಾ ಇಳೀತೇನಿ."

ಪಟ್ಟಾ ಅವಳ ಕೈಯಲ್ಲಿ ತೂಗುತ್ತಿತ್ತು. ಅದರ ತುದಿ ಸಾವಕಾರರ ಬಿಳಿ ಪಂಚೆಗೆ ತಾಗಿತು. ಅವರು ಹಿಂದೆ ಸರಿದರು. ಒಂದೇ ಹೆಜ್ಜೆ. ಕುರ್ಚಿಗೆ ಎಡವಿದರು. ಅಧಿಕಾರಿ ನೋಡಿದರು. ಅಂಗಳ ನೋಡಿತು. ಮುಸ್ತಾಕ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಹೇಳಿದ, "ಸಾವಕಾರ್ರ ಮೂಗು ಚಲೋ ಐತಿ ನೋಡ್ರಿ."

ಹೊನ್ನವ್ವ ಪಟ್ಟಾವನ್ನು ಯುವರಾಜನ ಕಡೆ ಹಿಡಿದಳು. "ನೀ?" ಯುವರಾಜ ನೆಲ ನೋಡಿದ.

ಪಟ್ಟಾ ನೆಲಕ್ಕೆ ಬಿತ್ತು. ಹೊನ್ನವ್ವ ಹೆಲ್ಮೆಟ್ ತೆಗೆದಳು. ಕಿತ್ತಳೆ ಅಂಗಿ ತೆಗೆದಳು. ಬೂಟನ್ನು ಒದ್ದು ಬಿಸಾಕಿದಳು. ಬರಿಗಾಲಲ್ಲಿ ನಿಂತು ಕಾವ್ಯಾಳ ಮುಖ ನೋಡಿದಳು. ಕ್ಷಮಿಸಿದ ನೋಟವಲ್ಲ ಅದು.

"ನಿಂತೀಯಾಕ?" ಎಂದಳು. "ಮುಚ್ಚಳಾ ಹಿಡಿ."

ಕಾವ್ಯಾ ಮೀಟರನ್ನು ಮೇಲೆಳೆದು ಅಧಿಕಾರಿಯ ಕೈಗೆ ಕೊಟ್ಟಳು. ಮುಚ್ಚಳ ಹಿಡಿದಳು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಅಂಗೈ ಸುಟ್ಟಿತು. ಮುಸ್ತಾಕ್ ಬಂದು ಇನ್ನೊಂದು ಮಗ್ಗುಲಿಗೆ ಕೈ ಹಾಕಿದ. ಮೂವರೂ ಎಳೆದರು. ಟಾಕಿಯ ಬಾಯಿ ಮುಚ್ಚಿತು. ಹೊನ್ನವ್ವ ಮುಚ್ಚಳದ ಮೇಲೆ ಕೂತಳು. ಕಾವ್ಯಾ ಅವಳ ಪಕ್ಕ ಕೂತಳು.

"ಏಳ್ರಿ" ಎಂದರು ಸಾವಕಾರರು. "ಕಾವ್ಯಾ, ನಾಳೆಯಿಂದ ನೀ ಗೇಟಿನೊಳಗ ಕಾಲಿಡಬ್ಯಾಡ. ಗ್ವಾಡಿ ಮ್ಯಾಲಿನ ನಿನ್ನ ಸರ್ಟಿಫಿಕೇಟ್ ತಗೊಂಡು ಹೋಗು."

"ತಗೊಂಡು ಹೋಗತೇನ್ರಿ. ಅದು ನಿಮ್ದಲ್ಲ."

"ಚೌಡವ್ವಾ!" ಸಾವಕಾರರು ಅಂಗಳದ ಕಡೆ ಕೂಗಿದರು. "ಎಬ್ಬಸು ನಿನ್ನ ಮಗಳನ್ನ. ಇಲ್ಲಾಂದ್ರ ನೀನೂ ನಡಿ ಮನಿಗೆ."

ಚೌಡವ್ವ ಎದ್ದಳು. ಸೆರಗಿನಿಂದ ತೊಟ್ಟು ಜಾಡಿಸಿದಳು. ರಾಶಿ ಬಳಸಿ, ಸುಣ್ಣದ ಗೆರೆ ತುಳಿದು ಬಂದಳು. ಮಗಳ ಮುಂದೆ ನಿಂತಳು. ಉರಿಯುವ ಕೈಗಳನ್ನು ಮೈಗೆ ತಾಗದ ಹಾಗೆ ಅಗಲಿಸಿ ಹಿಡಿದಿದ್ದಳು. ಅವಳ ಮುಖದಲ್ಲಿ ಸಿಟ್ಟಿತ್ತು. ಸಿಟ್ಟು ಮಗಳ ಮೇಲೂ ಇತ್ತು.

"ಓದಿಸಿದ್ದು ಇದಕ್ಕಲ್ಲ" ಎಂದಳು.

ಕಾವ್ಯಾ ಮುಚ್ಚಳದ ಅಂಚು ಹಿಡಿದು ಕೂತೇ ಇದ್ದಳು.

"ಸರಿ ಅತ್ತಾಗ. ಜಾಗಾ ಕೊಡು."

ಮಗಳು ಸರಿದಳು. ಚೌಡವ್ವ ಮುಚ್ಚಳದ ಮೇಲೆ ಕೂತಳು. ಅಂಗಳದಲ್ಲಿ ಇನ್ನೊಬ್ಬ ಹೆಂಗಸು ಎದ್ದು ನಿಂತಳು. ಆಮೇಲೆ ಅವಳ ಹಿಂದಿನವಳು. ಉಳಿದವರು ಕೂತೇ ಇದ್ದರು, ಆದರೆ ಯಾರ ತಲೆಯೂ ತಗ್ಗಿರಲಿಲ್ಲ.

ಯಾರೋ ಬ್ಲೋವರ್ ಬಂದ್ ಮಾಡಿದರು. ಸದ್ದು ನಿಂತಿತು.

"ಹಂಗಾದ್ರ ಈ ರಾಡಿ ಯಾರ ತಗೀಬೇಕು?" ಸಾವಕಾರರು ಚೀರಿದರು. "ಮಂದಿ ಬರತಾರ ಹೊರದೇಶದಿಂದ! ಯಾರ ತಗೀಬೇಕು?"

ಹೊನ್ನವ್ವ ಬರಿಗಾಲನ್ನು ಕಾದ ಕಬ್ಬಿಣದ ಮೇಲೆ ಊರಿದಳು.

"ರಾಡಿ ನಿಮ್ದು ರೀ."